ಮಲೇರಿಯಾ ಮಾತ್ರೆ ಬಿಟ್ಟಿ ಸಿಗುತ್ತದೆ, ಮತ್ತೆ ಸಾಲ ಯಾಕೆ ಆಗುತ್ತದೆ?

ಹಾಜರಿ ಪುಸ್ತಕ (ಕಾಂದಿವಲಿ, ಮುಂಬೈ):
ಎಲ್ಲರಿಗೂ ನಮಸ್ಕಾರ. ನಾನು ಕಟ್ಟಡದ ಸೈಟಿನಲ್ಲಿ ಹಾಜರಿ ಬರೆಯುವವನು, ಊರು ಯಾದಗಿರಿ ಕಡೆ. ಸೆಂಟ್ರಿಂಗ್ (ಸ್ಲ್ಯಾಬ್ ಹಾಕಲು ಪ್ಲೇಟು ಜೋಡಿಸುವ) ಕೆಲಸ ಮಾಡುವ ನಮ್ಮೂರ ಹುಡುಗನಿಗೆ ಆಗಸ್ಟಿನಲ್ಲಿ ಚಳಿಜ್ವರ ಬಂತು. ಪಾಲಿಕೆ ದವಾಖಾನೆಯಲ್ಲಿ ರಕ್ತಪರೀಕ್ಷೆ, ಮಾತ್ರೆ ಎರಡಕ್ಕೂ ದುಡ್ಡಿಲ್ಲ. ಆದರೆ ಅಲ್ಲಿಗೆ ಹೋಗುವ ಮೊದಲೇ ಖಾಸಗಿ ಡಾಕ್ಟರ ಹತ್ತಿರ ಎರಡು ದಿನ ಸಲೈನ್ ಹಾಕಿಸಿಕೊಂಡು 1,800 ಕಳೆದಿದ್ದ. ನನ್ನ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ 9 ಮನೆ ಖಾಲಿ. ದಿನಕ್ಕೆ 700 ಅಂದರೆ 6,300. ಅವನನ್ನು ನೋಡಿಕೊಳ್ಳಲು ಹೆಂಡತಿ 4 ದಿನ ಕೆಲಸ ಬಿಟ್ಟಳು, ಅವಳ ಕೂಲಿ 500, ಅದು 2,000. ಒಟ್ಟು 10,100! ಮುಕಾದಮನ (ಕೂಲಿಯವರ ಮೇಸ್ತ್ರಿ) ಹತ್ತಿರ 8,000 ಅಡ್ವಾನ್ಸ್ ತೆಗೆದುಕೊಂಡ, ಅದು ಇನ್ನೂ ತೀರಿಲ್ಲ, ಅಷ್ಟರಲ್ಲಿ ಈಗ ಮತ್ತೆ ಜ್ವರ. ಮಲೇರಿಯಾದಿಂದ ದೇಶಕ್ಕೆ ಇಷ್ಟು ನಷ್ಟ ಅನ್ನುತ್ತಾರಲ್ಲ, ಅದರಲ್ಲಿ ಇಂಥವರ ಲೆಕ್ಕ ಸೇರುತ್ತದಾ? ಎರಡನೇ ಸಲ ಯಾಕೆ ಬಂತು? ತಿಳಿದವರು ಹೇಳಿ.

ಅರ್ಥಶಾಸ್ತ್ರದ ಮೇಡಂ (ಪುಣೆ):
ತಮ್ಮಾ, ನೀವು ಹಾಕಿದ ಲೆಕ್ಕವೇ ಸರಿಯಾದ ದಾರಿ. ಔಷಧಿ, ಓಡಾಟದ ಖರ್ಚು ಒಂದು ಕಡೆ, ಹೋದ ಕೂಲಿ ಇನ್ನೊಂದು ಕಡೆ. ಬಡವರ ಮನೆಯಲ್ಲಿ ಎರಡನೆಯದೇ ಜಾಸ್ತಿ ಹೊಡೆಯುತ್ತದೆ. ನೋಡಿಕೊಳ್ಳುವ ಹೆಂಗಸಿನ ದಿನಗಳನ್ನು ಎಷ್ಟೋ ಜನ ಮರೆಯುತ್ತಾರೆ, ನೀವು ಮರೆಯಲಿಲ್ಲ, ಖುಷಿಯಾಯಿತು. ಜ್ವರ ಬಿಟ್ಟ ಮೇಲೂ ಅವನು ಮೊದಲಿನ ಹಾಗೆ ಪ್ಲೇಟ್ ಎತ್ತಿದನಾ? ಇಲ್ಲ ಅಂದರೆ ಅದನ್ನೂ ಸೇರಿಸಿ.

ದೇಶದ ಮಟ್ಟದ ಲೆಕ್ಕವೂ ಇದೆ. ಗ್ಯಾಲಪ್ ಮತ್ತು ಸ್ಯಾಕ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2001ರಲ್ಲಿ ಬರೆದದ್ದು: ಮಲೇರಿಯಾ ಜೋರಾಗಿರುವ ದೇಶಗಳಲ್ಲಿ ತಲಾ ಆದಾಯದ ಬೆಳವಣಿಗೆ ವರ್ಷಕ್ಕೆ ಶೇ. 1.3ರಷ್ಟು ಕಡಿಮೆ. ಕೇಳಲು ಸಣ್ಣದು, 25 ವರ್ಷ ಹೀಗೇ ಹೋದರೆ ಆದಾಯದಲ್ಲಿ ಕಾಲುಭಾಗಕ್ಕಿಂತ ಜಾಸ್ತಿ ಹಿಂದೆ ಬೀಳುತ್ತಾರೆ. ಆದರೆ ಬಡತನದಿಂದಲೂ ಮಲೇರಿಯಾ ಬರುತ್ತದೆ, ತಗಡಿನ ಶೆಡ್ಡಿನಲ್ಲಿ ಮಲಗುವವನಿಗೆ ಕಿಟಕಿಗೆ ಜಾಲರಿ ಎಲ್ಲಿಂದ ಬರಬೇಕು? ಹಾಗಾಗಿ ಇಡೀ ತಪ್ಪನ್ನು ಸೊಳ್ಳೆ ಮೇಲೆ ಹಾಕಲು ಆಗುವುದಿಲ್ಲ. 2023ರಲ್ಲಿ ಜಗತ್ತಿನಲ್ಲಿ ಸುಮಾರು 5,97,000 ಜನ ಸತ್ತರು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೂರಕ್ಕೆ 95 ಆಫ್ರಿಕಾದಲ್ಲಿ, ಅದರಲ್ಲೂ ಹೆಚ್ಚಿನವರು 5 ವರ್ಷದೊಳಗಿನ ಮಕ್ಕಳು. ಆ ಮಕ್ಕಳಿಗಾಗಿ ಆರ್21 ಲಸಿಕೆ ತಯಾರಾಗುವುದು ನಮ್ಮ ಪುಣೆಯಲ್ಲೇ, ಸೀರಂ ಇನ್‌ಸ್ಟಿಟ್ಯೂಟಿನಲ್ಲಿ.

ಲ್ಯಾಬಿನ ಅಕ್ಕ (ಠಾಣೆ):
ಎರಡನೇ ಸಲ ಯಾಕೆ ಅಂದರೆ, ಅವನಿಗೆ ಬಂದದ್ದು ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಇರಬಹುದು. ಚೀಟಿ ನೋಡಿ, ಪಿ.ವಿ. ಅಂತ ಬರೆದಿರುತ್ತದೆ. ಇದರ ಪರೋಪಜೀವಿ ಪಿತ್ತಜನಕಾಂಗದಲ್ಲಿ ಅಡಗಿ ಕುಳಿತು ವಾರ, ತಿಂಗಳು ಬಿಟ್ಟು ಮತ್ತೆ ಎದ್ದು ಬರುತ್ತದೆ. ಕ್ಲೋರೋಕ್ವಿನ್ 3 ದಿನ, ಅದಕ್ಕೆ ಜ್ವರ ಇಳಿಯುತ್ತದೆ. ಅಡಗಿದ್ದನ್ನು ಕೊಲ್ಲುವುದು ಪ್ರೈಮಾಕ್ವಿನ್, ಅದು 14 ದಿನ. ನಮ್ಮ ಜನ ಜ್ವರ ಬಿಟ್ಟ ತಕ್ಷಣ ಮಾತ್ರೆಯನ್ನೂ ಬಿಡುತ್ತಾರೆ. ಬೈಯಬೇಡಿ, ಹೊಟ್ಟೆ ತೊಳೆಸುತ್ತದೆ, ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರಂತೂ ಕೇಳಲೇಬೇಡಿ. ಹಳೇ ಮಾತ್ರೆ ಉಳಿದಿದ್ದರೆ ಸುಮ್ನೆ ನುಂಗಿಸಲು ಹೋಗಬೇಡಿ, ಮತ್ತೆ ರಕ್ತ ಕೊಡಲಿ. ಜಿ6ಪಿಡಿ (ರಕ್ತಕಣ ಕಾಪಾಡುವ ಕಿಣ್ವ) ಕೊರತೆ ಇದ್ದವರಿಗೂ ಬಸುರಿಯರಿಗೂ ಪ್ರೈಮಾಕ್ವಿನ್ ಆಗುವುದಿಲ್ಲ. ಮೂತ್ರ ಕಪ್ಪಾದರೆ ದವಾಖಾನೆಗೆ ಹೋಗಲು ಒಂದು ದಿನವೂ ಕಾಯಬಾರದು.

ವಾಸ್ಕೋದಿಂದ:
ಅಣ್ಣಾ, ನಾನು ಗದಗಿನವನು, ಗೋವಾದಲ್ಲಿ ಗಾರೆ ಕೆಲಸ. ಇಲ್ಲಿ ಕಟ್ಟಡ ಕೆಲಸದವರಿಗೆ ಹೆಲ್ತ್ ಕಾರ್ಡ್ ಕಡ್ಡಾಯ, ರಕ್ತ ನೋಡಿ ಕಾರ್ಡ್ ಕೊಡುತ್ತಾರೆ. ಒಳ್ಳೆಯದೇ, ಆದರೆ ಅದನ್ನು ಮಾಡಿಸಲು ಹೋದ ದಿನದ ಕೂಲಿ ನಮ್ಮದೇ ಹೋಗುತ್ತದೆ. ಸೈಟಿನಲ್ಲಿ ಕಾಂಕ್ರೀಟ್ ಗಟ್ಟಿಯಾಗಲು ಸ್ಲ್ಯಾಬ್ ಮೇಲೆ ನಿಲ್ಲಿಸಿದ ಕ್ಯೂರಿಂಗ್ ನೀರು, ಲಿಫ್ಟ್ ಗುಂಡಿ, ಡ್ರಮ್ಮು ನೋಡಿ. ಪಟ್ಟಣದ ಮಲೇರಿಯಾ ಸೊಳ್ಳೆ ಇಂಥ ಶುದ್ಧ ನೀರಿನಲ್ಲೇ ಮೊಟ್ಟೆ ಇಡುತ್ತದೆ. ವಾರಕ್ಕೊಮ್ಮೆ ಒಣಗಿಸಿದರೆ ಮರಿ ಸೊಳ್ಳೆಯಾಗುವುದೇ ಇಲ್ಲ. ಇದು ಬಿಲ್ಡರ್ ಕೆಲಸ, ಕೂಲಿಯವನದಲ್ಲ.

ಹಾಜರಿ ಪುಸ್ತಕ:
ಎಲ್ಲರಿಗೂ ಥ್ಯಾಂಕ್ಸ್. ಅಕ್ಕ ಹೇಳಿದ ಮೇಲೆ ಅವನ ಶೆಡ್ಡಿಗೆ ಹೋಗಿದ್ದೆ. ತಗಡಿನ ಟ್ರಂಕಿನಲ್ಲಿ ಆಧಾರ್ ಕಾರ್ಡಿನ ಪ್ಲಾಸ್ಟಿಕ್ ಚೀಲದೊಳಗೆ ಪ್ರೈಮಾಕ್ವಿನ್ ಸ್ಟ್ರಿಪ್ ಇತ್ತು, 5 ದಿನದ್ದು ಮಾತ್ರ ಒಡೆದಿದೆ. ಚೀಟಿಯಲ್ಲಿ ಪಿ.ವಿ. ಅಂತಲೇ ಇದೆ. ಮೇಡಂ, ನೀವು ಕೇಳಿದ್ದೂ ನಿಜ, ಸೆಪ್ಟೆಂಬರಿನಲ್ಲಿ 6 ದಿನ ಅವನನ್ನು ಬಿಗಾರಿ (ಬರೀ ಹೊರುವ ಕೂಲಿ) ಅಂತ 700ರ ಬದಲು 500ಕ್ಕೆ ಬರೆದಿದ್ದೇನೆ, ಇನ್ನೂ 1,200 ಸೇರಿತು. ನಾಳೆ ಬೆಳಿಗ್ಗೆ ನಾನೇ ದವಾಖಾನೆಗೆ ಕರೆದುಕೊಂಡು ಹೋಗುತ್ತೇನೆ. ಅರ್ಧ ದಿನದ ಹಾಜರಿ ಹಾಕಿಸಲು ಮುಕಾದಮನ ಹತ್ತಿರ ಮಾತಾಡಿದೆ, ಆಗಲಿ ಅಂದಿದ್ದಾನೆ. 14 ದಿನ ಊಟವಾದ ಮೇಲೆ ಮಾತ್ರೆ ನನ್ನ ಕಣ್ಣೆದುರೇ ನುಂಗಲಿ, ಹಾಜರಿ ಪುಸ್ತಕದಲ್ಲೇ ಅದಕ್ಕೂ ಒಂದು ಸಾಲು ಹಾಕಿದ್ದೇನೆ.