ಮೂರು ಪಟ್ಟು ಬೆಲೆಯ ವೋಡ್ಕಾದಲ್ಲಿ ಹೆಚ್ಚಿಗೆ ಏನಿರುತ್ತೆ?

ನಿಂಬೆಸೋಡ:
ಹತ್ತು-ಹನ್ನೆರಡು ಜನಕ್ಕೆ ವೋಡ್ಕಾ ತರಬೇಕು. ಮುಕ್ಕಾಲು ಪಾಲು ನಿಂಬೆ, ಸೋಡ, ಟೊಮೇಟೊ ಜ್ಯೂಸ್ ಜತೆ ಹೋಗುತ್ತೆ. ಇಬ್ಬರು ಮಾತ್ರ ಏನೂ ಬೆರೆಸದೆ ಕುಡಿಯೋರು. ಸಾದಾ ಬಾಟಲಿ ಒಂದಿದೆ. ಪಕ್ಕದಲ್ಲೇ ಅದರ ಮೂರು ಪಟ್ಟು ಬೆಲೆಯದ್ದು, ಮೈತುಂಬ ಬರಹ: "ಆರು ಬಾರಿ ಬಟ್ಟಿ ಇಳಿಸಿದ್ದು, ಪ್ಲಾಟಿನಂ ಫಿಲ್ಟರ್, ಹಿಮನದಿಯ ನೀರು." ಇದರಲ್ಲಿ ನಾಲಿಗೆಗೆ ಗೊತ್ತಾಗೋದು ಯಾವುದು? ಲೇಬಲ್‌ನಲ್ಲಿ ಏನು ಓದಬೇಕು?

ತಾಮ್ರದಹಂಡೆ:
ಮೊದಲು ಆ "ಆರು ಬಾರಿ" ನೋಡೋಣ. ವೋಡ್ಕಾದ ಸ್ಪಿರಿಟ್ (ನೀರು ಬೆರೆಸೋ ಮೊದಲಿನ ಗಟ್ಟಿ ಆಲ್ಕೋಹಾಲ್) ಬಹುಪಾಲು ತಯಾರಾಗೋದು ಕಾಲಂನಲ್ಲಿ. ಅದೊಂದು ಎತ್ತರದ ಕಂಬ, ಒಳಗೆ ಒಂದರ ಮೇಲೊಂದು ಹತ್ತಾರು ತಟ್ಟೆಗಳು. ಪ್ರತಿ ತಟ್ಟೆಯಲ್ಲೂ ಆವಿ ಸ್ವಲ್ಪ ಹನಿಯಾಗಿ ಮತ್ತೆ ಆವಿಯಾಗುತ್ತೆ. ಅಂದರೆ ಪ್ರತಿ ತಟ್ಟೆಯೂ ಒಂದು ಪುಟ್ಟ ಭಟ್ಟಿ. ತಟ್ಟೆ ಎಣಿಸಿದರೆ ನಲವತ್ತು ಬಾರಿ, ಕಂಬ ಎಣಿಸಿದರೆ ಮೂರು ಬಾರಿ. ಯಾವುದನ್ನು ಎಣಿಸಿದ್ದಾರೆ ಅಂತ ಬಾಟಲಿ ಹೇಳಲ್ಲ. ಮೇಲಾಗಿ ಆಲ್ಕೋಹಾಲ್ ಪ್ರಮಾಣ ಶೇಕಡಾ 97ರ ಹತ್ತಿರ ಬಂದಮೇಲೆ ಆಲ್ಕೋಹಾಲ್ ಮತ್ತು ನೀರು ಒಟ್ಟಿಗೇ ಕುದಿಯುತ್ತವೆ; ಆಮೇಲೆ ಎಷ್ಟು ಸಲ ಇಳಿಸಿದರೂ ಮಾಮೂಲಿ ಒತ್ತಡದಲ್ಲಿ ಶಕ್ತಿ ಮೇಲೇರಲ್ಲ. ಯುರೋಪಿನ ನಿಯಮದಲ್ಲಿ ಮೂಲ ಸ್ಪಿರಿಟ್ ಕನಿಷ್ಠ ಶೇ. 96 ಇರಬೇಕು, ಅಮೆರಿಕದಲ್ಲಿ 95. ಅಗ್ಗದ್ದೂ ಇದೇ ಬಾಗಿಲು ದಾಟಿಯೇ ಬರಬೇಕು.

ನೀರಿನ ಕಥೆಯೂ ಅಷ್ಟೇ. ಬಾಟಲಿಯಲ್ಲಿ ಹೆಚ್ಚುಕಮ್ಮಿ ಶೇ. 60 ನೀರೇ, ಹಾಗಾಗಿ ನೀರು ಮುಖ್ಯ ಅನ್ನೋದು ಸರಿ. ಆದರೆ ಗಡಸು ನೀರು ಬೆರೆಸಿದರೆ ಸ್ಪಿರಿಟ್ ಮಬ್ಬಾಗುತ್ತೆ, ತಳದಲ್ಲಿ ಬಿಳಿ ಗಸಿ ಕೂರುತ್ತೆ. ಅದಕ್ಕೆ ಮೊದಲು ಖನಿಜಗಳನ್ನು ತೆಗೆಯುತ್ತಾರೆ. ಖನಿಜ ತೆಗೆದಮೇಲೆ ಹಿಮನದಿಯದ್ದೂ ಬೋರ್‌ವೆಲ್‌ನದ್ದೂ ಒಂದೇ ನೀರು.

ಫಿಲ್ಟರ್‌ನಲ್ಲಿ ವಾಸನೆ ಹೀರುವ ಕೆಲಸ ಆಕ್ಟಿವೇಟೆಡ್ ಇದ್ದಿಲಿನದು. ವೋಡ್ಕಾ ಸೋಸೋಕೆ ಬಳಸ್ತೀವಿ ಅಂತ ಕ್ರಿಸ್ಟಲ್ ಹೆಡ್ ಬ್ರಾಂಡ್‌ನವರು ಹೇಳೋ "ಹರ್ಕಿಮರ್ ವಜ್ರ" ವಜ್ರವೇ ಅಲ್ಲ, ಸ್ಫಟಿಕ ಶಿಲೆ.

ಇನ್ನೊಂದು, ಎಷ್ಟೋ ಬ್ರಾಂಡ್‌ಗಳು ದೊಡ್ಡ ಡಿಸ್ಟಿಲರಿಯಿಂದ ಸ್ಪಿರಿಟ್ ಕೊಂಡು, ನೀರು ಬೆರೆಸಿ, ಸೋಸಿ ತುಂಬುತ್ತವೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಬಟ್ಟಿ ಇಳಿಸಿದವರ ಹೆಸರಿಲ್ಲದೆ ಬರೀ ತುಂಬಿದವರ ಹೆಸರಿದ್ದರೆ "ಪುಟ್ಟ ಭಟ್ಟಿ, ಕೈಕೆಲಸ" ಅನ್ನೋದಕ್ಕೆ ಮಾತ್ರ ದುಡ್ಡು ಕೊಡಬೇಡಿ.

ಲೆಕ್ಕದಮಾವ:
ಬಾಟಲಿಗೆ ಬಾಟಲಿ ಹೋಲಿಸಬೇಡಿ, ಶುದ್ಧ ಆಲ್ಕೋಹಾಲ್ ಲೆಕ್ಕ ಹಾಕಿ. 750 ಮಿಲಿ, ಶೇ. 40 ಅಂದರೆ 300 ಮಿಲಿ. 700 ಮಿಲಿ, ಶೇ. 37.5 ಅಂದರೆ 262.5 ಮಿಲಿ. ಎರಡನೆಯದು ಎಂಟನೇ ಒಂದು ಭಾಗದಷ್ಟಾದರೂ ಅಗ್ಗ ಇಲ್ಲದಿದ್ದರೆ ಅದು ಅಗ್ಗವೇ ಅಲ್ಲ. ಶೇ. 37.5 ಯುರೋಪಿನ ಕನಿಷ್ಠ ಮಿತಿ, ಅಮೆರಿಕದ್ದು 40.

ಬೆಲೆ ಹೇಗೆ ನಿಗದಿಯಾಗುತ್ತೆ ಅನ್ನೋದಕ್ಕೆ ಗ್ರೇ ಗೂಸ್ ಅನ್ನೋ ವೋಡ್ಕಾ ನೋಡಿ. 1997ರಲ್ಲಿ ಅಮೆರಿಕದ ಮದ್ಯ ವ್ಯಾಪಾರಿ ಸಿಡ್ನಿ ಫ್ರಾಂಕ್ ಅದನ್ನು ತಂದಾಗ ಇನ್ನೊಂದು ವೋಡ್ಕಾ ಆದ ಅಬ್ಸಲ್ಯೂಟ್‌ನಂಥದ್ದರ ಸುಮಾರು ಎರಡರಷ್ಟು ಬೆಲೆ ಇಟ್ಟ. ದುಬಾರಿ ಆಗಿರೋದೇ ಅದರ ಜಾಹೀರಾತು! 2004ರಲ್ಲಿ ಮದ್ಯ ಕಂಪನಿ ಬಕಾರ್ಡಿ ಅದನ್ನು 200 ಕೋಟಿ ಡಾಲರ್‌ಗೂ ಮೇಲೆ ಕೊಟ್ಟು ಕೊಂಡಿತು. 2005ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನವರು ಹೆಸರು ಮುಚ್ಚಿ ರುಚಿ ನೋಡಿದಾಗ ಮೊದಲು ಬಂದಿದ್ದು ಗುಂಪಿನಲ್ಲೇ ಅಗ್ಗದ ಸಾಲಿನಲ್ಲಿದ್ದ ಸ್ಮಿರ್ನಾಫ್.

ಮೂಗುಮುರಿ:
ಹಾಗಂತ ಎಲ್ಲಾ ವೋಡ್ಕಾನೂ ಒಂದೇ ಅಂದುಬಿಡಬೇಡಿ. ರೈ ಧಾನ್ಯದ್ದು ಮೆಣಸಿನ ಹಾಗೆ ಚುರುಕು, ಆಲೂಗಡ್ಡೆಯದ್ದು ಬಾಯಲ್ಲಿ ದಪ್ಪ, ಮೆಕ್ಕೆಜೋಳದ್ದರಲ್ಲಿ ಸಣ್ಣ ಸಿಹಿ. ಆದರೆ ಇದು ಗೊತ್ತಾಗೋದು ಏನೂ ಬೆರೆಸದಿದ್ದಾಗ. ನಿಂಬೆ ಬಿದ್ದ ಕ್ಷಣ ಅಳಿಸಿಹೋಗುತ್ತೆ. ಟೊಮೇಟೊ ಜ್ಯೂಸ್‌ಗೆ ಹಾಕೋದಾದರೆ ಈ ಚರ್ಚೆಯೇ ಬೇಡ.

"ಸ್ಮೂತ್" ಅನ್ನೋದರ ಗುಟ್ಟು ಎಷ್ಟೋ ಸಲ ಸಕ್ಕರೆ. ಅಮೆರಿಕದಲ್ಲಿ ಲೀಟರಿಗೆ 2 ಗ್ರಾಂ ತನಕ ಹಾಕಬಹುದು, ಜತೆಗೆ 1 ಗ್ರಾಂ ಸಿಟ್ರಿಕ್ ಆಮ್ಲ. ಯುರೋಪಿನಲ್ಲಿ 8 ಗ್ರಾಂ ತನಕ. ಪತ್ತೆ ಹಚ್ಚೋದು ಸುಲಭ. ಬಿಳಿ ಸಾಸರ್‌ನಲ್ಲಿ ಎರಡು ಟೀ ಚಮಚ, ಅಂದರೆ 10 ಮಿಲಿ ಸುರಿದು, ಒಲೆಯಿಂದ ದೂರ, ಪೂರ್ತಿ ಆರೋ ತನಕ ಬಿಡಿ. ಬೆರಳು ಒತ್ತಿ ಎತ್ತಿದಾಗ ಅಂಟು ಎಳೆದರೆ ಸಿಹಿಯೋ ಗ್ಲಿಸರಿನ್ನೋ ಇದೆ. ಏನೂ ಹಾಕದ್ದು ಸಾಸರ್ ತೊಳೆದಿಟ್ಟ ಹಾಗೆ ಬಿಡುತ್ತೆ.

ರುಚಿ ನೋಡೋದಾದರೆ ಫ್ರೀಜರ್‌ನಿಂದ ತೆಗೆದು ನೋಡಬೇಡಿ. ತಣ್ಣಗಾದಷ್ಟೂ ವಾಸನೆ ಏಳಲ್ಲ, ದ್ರವ ದಪ್ಪವಾಗುತ್ತೆ, ಕೆಟ್ಟದ್ದೂ ರೇಷ್ಮೆ ಅನ್ನಿಸುತ್ತೆ. ಕೋಣೆಯ ಶಾಖದಲ್ಲಿ 20 ಮಿಲಿಗೆ 20 ಮಿಲಿ ನೀರು ಬೆರೆಸಿ ಮೂಸಿ. ನೇಲ್ ಪಾಲಿಶ್ ರಿಮೂವರ್ ವಾಸನೆ ಬಂದರೆ ಬಟ್ಟಿಯಲ್ಲಿ ಮೊದಲು ಇಳಿಯೋ ಭಾಗವನ್ನು ಸರಿಯಾಗಿ ಬೇರ್ಪಡಿಸಿಲ್ಲ ಅಂತ. ಆಮೇಲೆ ಮೂರು ಲೋಟ, ಎರಡರಲ್ಲಿ ಅಗ್ಗದ್ದು, ಒಂದರಲ್ಲಿ ದುಬಾರಿ; ಬೇರೆಯವರು ಸುರಿದು ಜಾಗ ಬದಲಿಸಲಿ. ಬೇರೆಯಾದದ್ದನ್ನು ಆರು ಸುತ್ತಿನಲ್ಲಿ ಐದು ಸಲವಾದರೂ ಗುರುತಿಸಿದರೆ ನಿಮ್ಮ ನಾಲಿಗೆಗೆ ನಿಜಕ್ಕೂ ಗೊತ್ತಾಗುತ್ತೆ ಅಂತ. ಎರಡೇ ಸಲ ಸರಿಯಾದರೆ, ರುಚಿ ನೋಡದೆ ಕಣ್ಣುಮುಚ್ಚಿ ಒಂದನ್ನು ತೋರಿಸಿದರೂ ಅಷ್ಟೇ ಬರುತ್ತೆ. ನುಂಗದೆ ಉಗಿಯಿರಿ, ಇಲ್ಲದಿದ್ದರೆ ನಾಲ್ಕನೇ ಸುತ್ತಿಗೆ ಎಲ್ಲವೂ ಚೆನ್ನಾಗಿರುತ್ತೆ.

ನಿಂಬೆಸೋಡ:
ಸರಿ, ಸಾದಾದ್ದೇ ತರ್ತೀನಿ. ಆ ಇಬ್ಬರಿಗೋಸ್ಕರ ಅದನ್ನೇ ಅಡುಗೆಮನೆಯ ವಾಟರ್ ಫಿಲ್ಟರ್‌ನಲ್ಲಿ ಇಳಿಸಿದರೆ ಹೇಗೆ?

ತಾಮ್ರದಹಂಡೆ:
ಇದ್ದಿಲು ಇರೋದರಿಂದ ಘಾಟು ಸ್ವಲ್ಪ ತಗ್ಗಬಹುದು. ಸಕ್ಕರೆ ಹೋಗಲ್ಲ, ಮೆಥನಾಲ್ ಅನ್ನೋ ವಿಷದ ಆಲ್ಕೋಹಾಲ್ ಅಂತೂ ಖಂಡಿತ ಹೋಗಲ್ಲ. ಹಾಗಾಗಿ ಸೀಲ್ ಒಡೆದದ್ದು, ಎಲ್ಲಿಂದ ಬಂತು ಅಂತ ಗೊತ್ತಿಲ್ಲದ್ದು "ಸೋಸಿದರಾಯ್ತು" ಅಂತ ತರಲೇಬೇಡಿ. ಕಾರ್ಟ್ರಿಜ್‌ನಲ್ಲಿ ಉಳಿದ ನೀರು ಬೆರೆತು ಶಕ್ತಿಯೂ ಇಳಿಯುತ್ತೆ, ಕಾರ್ಟ್ರಿಜ್ ಬೆಲೆ ಸೇರಿಸಿದರೆ ಉಳಿತಾಯವೂ ಹೋಯ್ತು. ಆ ಇಬ್ಬರಿಗೆ ಅದೇ ಬಾಟಲಿಯನ್ನು ಹಿಂದಿನ ರಾತ್ರಿ ಫ್ರೀಜರ್‌ಗೆ ಹಾಕಿಡಿ. ಶೇ. 40ರದ್ದು ಮೈನಸ್ 18ರಲ್ಲಿ ಗಟ್ಟಿಯಾಗಲ್ಲ. ಒಳಗೆ ಐಸ್ ಚೂರು ಕಂಡರೆ ನೀರು ಬೆರೆಸಿದ ಮಾಲು, ವಾಪಸ್ ಕೊಡಿ.