ಮೂಡಲ್ 4.1ರಿಂದ 4.5ಕ್ಕೋ, ಸೀದಾ 5ಕ್ಕೋ?

ಲ್ಯಾಬ್_ಮೇಷ್ಟ್ರು:
ನಮ್ಮ ವಿ.ವಿ.ಯ ಮೂಡಲ್ (ಆನ್‌ಲೈನ್ ಪಾಠ, ಅಸೈನ್‌ಮೆಂಟ್ ನಡೆಸುವ ತಂತ್ರಾಂಶ) ಇನ್ನೂ 4.1ರಲ್ಲೇ ಕೂತಿದೆ. ಅದಕ್ಕೆ ಸೆಕ್ಯುರಿಟಿ ಪ್ಯಾಚ್ ಬರುವುದು 2025ರ ಡಿಸೆಂಬರ್‌ಗೆ ನಿಂತುಹೋಯಿತು, ಇನ್ನು ಮುಂದೂಡುವ ಹಾಗಿಲ್ಲ. ಸೀದಾ 5ಕ್ಕೆ ಹೋಗೋಣ ಅಂತ ಮೇಲಿನವರ ಆಸೆ, ಹೊಸದು ಅಂದರೆ ಒಳ್ಳೆಯದೇ ಅಲ್ವಾ ಅಂತ. ನನಗೆ ಧೈರ್ಯ ಇಲ್ಲ. ಸರ್ವರ್‌ನಲ್ಲಿ ಮೂಡಲ್ ಓಡಿಸುವ ಪಿಎಚ್‌ಪಿ 7.4, ಡೇಟಾಬೇಸ್ ಮೈಎಸ್‌ಕ್ಯುಎಲ್ 5.7, ಜೊತೆಗೆ ಯಾರೋ ಯಾವಾಗಲೋ ಹಾಕಿಹೋದ ಹಾಜರಾತಿ, ಸರ್ಟಿಫಿಕೇಟ್ ಪ್ಲಗಿನ್‌ಗಳು (ಮೂಡಲ್‌ಗೆ ಸೇರಿಸುವ ಹೆಚ್ಚುವರಿ ಭಾಗಗಳು). ಬೆಸ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಒಂದು ವಾರ ಸಿಗಬಹುದು. ಸಾಕಾಗುತ್ತಾ?

ಕ್ರಾನ್_ಕಾವಲುಗಾರ:
5 ಸದ್ಯಕ್ಕೆ ಬೇಡ ಸರ್. 4.5 ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ) ಆವೃತ್ತಿ, 2024ರ ಅಕ್ಟೋಬರ್‌ನಲ್ಲಿ ಬಂದದ್ದು, ಸೆಕ್ಯುರಿಟಿ ಪ್ಯಾಚ್ 2027ರ ಅಕ್ಟೋಬರ್‌ವರೆಗೆ ಸಿಗುತ್ತದೆ. 5.0ರಲ್ಲಿ ಪ್ರಶ್ನೆ ಬ್ಯಾಂಕಿನ ವ್ಯವಸ್ಥೆಯನ್ನೇ ಬದಲಿಸಿದ್ದಾರೆ, 5.1ರಲ್ಲಿ ವೆಬ್ ಸರ್ವರ್‌ಗೆ ತೋರಿಸಬೇಕಾದ ಫೋಲ್ಡರೇ ಬೇರೆ. ಅಷ್ಟನ್ನೂ ಒಂದೇ ವಾರದಲ್ಲಿ ಮೈಮೇಲೆ ಎಳೆದುಕೊಳ್ಳುವುದು ಯಾಕೆ?

ಮೊದಲು ಪಿಎಚ್‌ಪಿಯನ್ನು 8.1ಕ್ಕೆ ಏರಿಸಿ. ಅದು 4.1ರಲ್ಲೂ ನಡೆಯುತ್ತದೆ, 4.5ಕ್ಕೂ ಅದೇ ಕನಿಷ್ಠ, ಹಾಗಾಗಿ ರಜೆಗೆ ಕಾಯದೆ ಒಂದು ಭಾನುವಾರ ಮುಗಿಸಿಬಿಡಬಹುದು. (8.1ರ ಕಾಲವೂ ಮುಗಿದಿದೆ, 4.5 ಆದ ಮೇಲೆ 8.3ಕ್ಕೆ ಹೋಗಿ.) ಪಿಎಚ್‌ಪಿಯ ಮ್ಯಾಕ್ಸ್_ಇನ್‌ಪುಟ್_ವಾರ್ಸ್ ಸೆಟ್ಟಿಂಗ್ 5000 ಇರಲಿ. ಮೈಎಸ್‌ಕ್ಯುಎಲ್ 8.0 ಕೂಡ ಮುಂಚೆಯೇ ಹಾಕಿ. ನಿಮ್ಮ ಮೂಡಲ್ 4.1.2ಕ್ಕಿಂತ ಹಳೆಯದಾದರೆ ಮೊದಲು 4.1ರ ಕೊನೆಯ ಪ್ಯಾಚ್‌ಗೆ ಬನ್ನಿ.

ಧಾರವಾಡ_ಪೇಡ:
ವಾರ ಸಾಕು, ಆದರೆ ಅದಕ್ಕೆ ಮೊದಲು ನಕಲು ಸೈಟಿನಲ್ಲಿ ಪೂರ್ತಿ ಅಪ್‌ಗ್ರೇಡ್ ಒಮ್ಮೆ ಓಡಿಸಿ, ಎಷ್ಟು ಗಂಟೆ ಹಿಡಿಯಿತು ಅಂತ ಬರೆದಿಟ್ಟುಕೊಂಡಿದ್ದರೆ ಮಾತ್ರ. ಡೇಟಾಬೇಸ್ ಬ್ಯಾಕಪ್ ಎಲ್ಲರೂ ತೆಗೆಯುತ್ತಾರೆ, ಮೂಡಲ್‌ಡೇಟಾ ಫೋಲ್ಡರ್ ಮರೆತುಬಿಡುತ್ತಾರೆ. ವಿದ್ಯಾರ್ಥಿಗಳು ಹಾಕಿದ ಅಸೈನ್‌ಮೆಂಟ್ ಫೈಲ್‌ಗಳು ಇರುವುದೇ ಅಲ್ಲಿ. ನಕಲಿನ ಕಾನ್ಫಿಗ್ ಫೈಲ್‌ನಲ್ಲಿ ನೋಈಮೇಲ್‌ಎವರ್ (ಮೇಲ್ ಹೋಗದಂತೆ ತಡೆಯುವ ಸೆಟ್ಟಿಂಗ್) ಅನ್ನು ಟ್ರೂ ಮಾಡಿ, ಆಮೇಲಷ್ಟೇ ಕ್ರಾನ್ (ನಿಗದಿತ ಕೆಲಸಗಳನ್ನು ತಾನಾಗಿ ನಡೆಸುವುದು) ಓಡಲು ಬಿಡಿ. ಇಲ್ಲದಿದ್ದರೆ ಆ ನಕಲಿನಿಂದಲೇ ನಿಜವಾದ ವಿದ್ಯಾರ್ಥಿಗಳಿಗೆ ಮೇಲ್ ಹೋಗುತ್ತದೆ, ರಾತ್ರಿ ಹನ್ನೊಂದಕ್ಕೆ ನಿಮ್ಮ ಫೋನ್ ಬಡಿದುಕೊಳ್ಳುತ್ತದೆ.

ಪ್ಲಗಿನ್ಸ್ ಓವರ್‌ವ್ಯೂ ಪುಟದಲ್ಲಿ ಹೊರಗಿನ ಪ್ಲಗಿನ್‌ಗಳ ಪಟ್ಟಿ ನೋಡಿ, ಯಾರೂ ಬಳಸದ್ದನ್ನು ಈಗಲೇ ಕಿತ್ತುಹಾಕಿ. ಇನ್ನು ಸರ್ಟಿಫಿಕೇಟ್. ಕನ್ನಡದಲ್ಲಿ ಹೆಸರು ಬರುವುದಾದರೆ ಪಿಡಿಎಫ್‌ನಲ್ಲಿ ಒತ್ತಕ್ಷರ ಒಡೆಯುತ್ತದೆ. ಅದು ಅಪ್‌ಗ್ರೇಡ್‌ನಿಂದ ಆಗುವುದಲ್ಲ, ಮೂಡಲ್ ಪಿಡಿಎಫ್ ಮಾಡಲು ಬಳಸುವ ಟಿಸಿಪಿಡಿಎಫ್‌ಗೆ ನಮ್ಮ ಲಿಪಿ ಜೋಡಿಸಲು ಬರುವುದಿಲ್ಲ. ಈಗಿನ ಒಂದು ಸರ್ಟಿಫಿಕೇಟ್ ಪ್ರತಿ ತೆಗೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಆಮೇಲೆ ತಪ್ಪು ಸುಮ್ನೆ ನಿಮ್ಮ ಮೇಲೆ ಬರುತ್ತದೆ.

ಎರಡನೇ_ಬೆಂಚು:
ದಿನ ಗೊತ್ತುಮಾಡುವ ಮೊದಲು ಪರೀಕ್ಷಾ ವಿಭಾಗವನ್ನು ಕೇಳಿದಿರಾ? ಪರೀಕ್ಷೆ ಮುಗಿದರೂ ಆಂತರಿಕ ಅಂಕ ತುಂಬುವವರು ಕೊನೇ ದಿನದವರೆಗೂ ಇರುತ್ತಾರೆ. ದೂರ ಶಿಕ್ಷಣದ ವೇಳಾಪಟ್ಟಿಯಂತೂ ಬೇರೆಯೇ.

ಲ್ಯಾಬ್_ಮೇಷ್ಟ್ರು:
ಕೇಳಿ ಬಂದೆ. ಅಂಕ ತುಂಬಲು ಆ ವಾರದ ಬುಧವಾರ ಕೊನೆಯಂತೆ. ಹಾಗಾದರೆ ಗುರುವಾರ ರಾತ್ರಿ ಮೇಂಟೆನೆನ್ಸ್ ಮೋಡ್ (ಬಳಕೆದಾರರಿಗೆ ಸೈಟ್ ಮುಚ್ಚುವುದು), ಪಿಎಚ್‌ಪಿ ಮಾತ್ರ ಈ ಭಾನುವಾರವೇ. ನಕಲು ಸೈಟಿಗೆ ಹಳೇ ಸರ್ವರ್ ಒಂದು ಕೇಳಿದ್ದೇನೆ. 5ರ ಮಾತನ್ನು 2027ರಲ್ಲಿ ಆಡೋಣ ಅಂತ ಮೇಲಿನವರಿಗೆ ಹೇಳಿದೆ, ಯಾಕೋ ಖುಷಿಯಾಗಿಯೇ ಒಪ್ಪಿದರು.