ತೇಜಸ್ ಆಕಾರದ ನೀರಿನ ರಾಕೆಟ್ ಮೇಲೆ ಹೋಗಿ ಲಾಗ ಹೊಡೆಯುತ್ತಿದೆ, ಏನು ಮಾಡಲಿ?

ಬದಿಯಡ್ಕದ ಮಾಸ್ಟ್ರು:
ನಮಸ್ಕಾರ. ಎಂಟನೇ ಕ್ಲಾಸಿನ ಮಕ್ಕಳ ಜೊತೆ ಸೇರಿ ತೇಜಸ್ ಯುದ್ಧವಿಮಾನದ ಆಕಾರದ ನೀರಿನ ರಾಕೆಟ್ ಮಾಡಿದ್ದೇವೆ. ಕಿಟ್ ಏನೂ ಇಲ್ಲ, ಎಲ್ಲ ನಾವೇ ಕತ್ತರಿಸಿ ಅಂಟಿಸಿದ್ದು. ಅಸಲಿ ವಿಮಾನ 13.2 ಮೀಟರ್ ಉದ್ದ, ರೆಕ್ಕೆಯ ತುದಿಯಿಂದ ತುದಿಗೆ 8.2 ಮೀಟರ್. ನಮ್ಮದು ಅದರ ಇಪ್ಪತ್ತರಲ್ಲಿ ಒಂದು ಪಾಲು. 66 ಸೆಂ.ಮೀ. ಉದ್ದ, 41 ಸೆಂ.ಮೀ. ಅಗಲ. ಒಳಗೆ ಒಂದು ಲೀಟರಿನ ಸೋಡಾ ಬಾಟ್ಲಿ, ಮೂತಿ ಥರ್ಮಕೋಲ್, ರೆಕ್ಕೆ ಅಡಿಕೆ ಹಾಳೆಯದ್ದು. ಖಾಲಿ ತೂಕ 260 ಗ್ರಾಂ.

ಬಾಟ್ಲಿಯ ಮೂರನೇ ಒಂದು ಭಾಗ ನೀರು ತುಂಬಿ, ಸೈಕಲ್ ಪಂಪಿನಲ್ಲಿ 60 ಪಿಎಸ್‌ಐ ಗಾಳಿ ಹೊಡೆಯುತ್ತೇವೆ. ಎರಡಾಳು ಎತ್ತರ ನೆಟ್ಟಗೆ ಹೋಗುತ್ತದೆ. ಆಮೇಲೆ ಬೆನ್ನ ಕಡೆಗೆ ಬಾಗಿ, ಲಾಗ ಹೊಡೆದು ಗದ್ದೆಗೆ ಬೀಳುತ್ತದೆ. ಐದು ಸಲವೂ ಹೀಗೇ. ಇಂಥದ್ದೇ ಬಾಟ್ಲಿಗೆ ಹಿಂದೆ ಮೂರು ಸಣ್ಣ ರೆಕ್ಕೆ ಅಂಟಿಸಿ ಬಿಟ್ಟಾಗ ತೆಂಗಿನ ಮರಕ್ಕಿಂತ ಮೇಲೆ ಹೋಗಿತ್ತು. ಗಾಳಿ ಇನ್ನೂ ಜಾಸ್ತಿ ಹೊಡೆಯಬೇಕಾ? ಮಕ್ಕಳ ಮುಖ ನೋಡಲಾಗುತ್ತಿಲ್ಲ.

ಮಂಜೇಶ್ವರದಿಂದ:
ಮಾಸ್ಟ್ರೇ, ಗಾಳಿ ಮಾತ್ರ ಏರಿಸಬೇಡಿ. ಜೋರು ಕಮ್ಮಿಯಾಗಿ ಬೀಳುತ್ತಿರುವುದಲ್ಲ ಅದು. ಮೂರು ವಿಷಯ ನೋಡಿ ಹೇಳಿ. ಖಾಲಿ ರಾಕೆಟನ್ನು ಬೆರಳ ಮೇಲೆ ಇಟ್ಟರೆ ಮೂತಿಯಿಂದ ಎಷ್ಟು ದೂರದಲ್ಲಿ ಸಮ ನಿಲ್ಲುತ್ತದೆ? ರೆಕ್ಕೆಯ ಬುಡ ಎಲ್ಲಿಂದ ಎಲ್ಲಿವರೆಗೆ ಇದೆ? ಹಾಳೆ ಬಾಗಿದೆಯಾ?

ಬದಿಯಡ್ಕದ ಮಾಸ್ಟ್ರು:
44 ಸೆಂ.ಮೀ.ಯಲ್ಲಿ ಸಮ ನಿಲ್ಲುತ್ತದೆ. ರೆಕ್ಕೆಯ ಬುಡ 26ರಿಂದ 60ರವರೆಗೆ. ಹಾಳೆ ತುಸು ಬಾಗಿದೆ ಹೌದು, ಉಬ್ಬು ಮೇಲ್ಗಡೆ.

ಮಂಜೇಶ್ವರದಿಂದ:
ಹಾಗಾದರೆ ಗೊತ್ತಾಯಿತು. ನೀವು ತೇಜಸ್‌ನ ಆಕಾರವನ್ನು ಚೆನ್ನಾಗಿಯೇ ತಂದಿದ್ದೀರಿ, ತೊಂದರೆ ಇರುವುದೂ ಅದರಲ್ಲೇ. ಅಸಲಿ ತೇಜಸ್ ತನ್ನಷ್ಟಕ್ಕೆ ನೆಟ್ಟಗೆ ಹಾರುವ ವಿಮಾನ ಅಲ್ಲ. ಚುರುಕಾಗಿ ತಿರುಗಲಿ ಅಂತ ಬೇಕೆಂದೇ ಅದನ್ನು ಅಸ್ಥಿರವಾಗಿ ಮಾಡಿದ್ದಾರೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದಾಗಲೂ ಕಂಪ್ಯೂಟರೇ ಅದರ ರೆಕ್ಕೆಯ ಹಿಂದಿನ ಪಟ್ಟಿಗಳನ್ನು ಆಡಿಸುತ್ತಾ ಸಮ ಹಿಡಿದದ್ದು. ನಿಮ್ಮ ಬಾಟ್ಲಿಯಲ್ಲಿ ಆ ಕಂಪ್ಯೂಟರ್ ಇಲ್ಲ. ಆ ಕೆಲಸವನ್ನು ತೂಕದಿಂದಲೇ ಮಾಡಿಸಬೇಕು.

ತ್ರಿಕೋನ ರೆಕ್ಕೆಗೆ ಗಾಳಿಯ ಬಲ ಹೆಚ್ಚುಕಮ್ಮಿ ಬುಡದ ನಡುಮಧ್ಯದಲ್ಲಿ ಬೀಳುತ್ತದೆ. ನಿಮ್ಮದರಲ್ಲಿ ಅದು 43 ಸೆಂ.ಮೀ. ಮುಂದಿನ ಮೂತಿಯೂ ಗಾಳಿ ಹಿಡಿಯುವುದರಿಂದ ಇನ್ನೂ ಸ್ವಲ್ಪ ಮುಂದೆಯೇ ಅನ್ನಿ. ತೂಕದ ಕೇಂದ್ರ 44ರಲ್ಲಿ, ಅಂದರೆ ಅದರ ಹಿಂದೆ. ಅದಕ್ಕೇ ಬಾಲ ಮುಂದೆ ಬರಲು ನೋಡುತ್ತದೆ. ತೂಕದ ಕೇಂದ್ರ ಗಾಳಿಯ ಬಲ ಬೀಳುವ ಜಾಗಕ್ಕಿಂತ ಕಮ್ಮಿಯೆಂದರೆ ಒಂದು ಬಾಟ್ಲಿ ಅಗಲದಷ್ಟು, ಸುಮಾರು 8 ಸೆಂ.ಮೀ., ಮುಂದೆ ಬರಬೇಕು. ಮೂತಿಯಿಂದ 6 ಸೆಂ.ಮೀ. ಒಳಗೆ 80 ಗ್ರಾಂ ತೂಕ ಕೂರಿಸಿ, ಸರಿಯಾಗಿ 35ಕ್ಕೆ ಬರುತ್ತದೆ. ಬೀಸುಬಲೆಗೆ ಕಟ್ಟುವ ಈಯದ (ಸೀಸದ) ಗುಂಡು ಕುಂಬಳೆ ಕಡೆ ಸುಲಭವಾಗಿ ಸಿಗುತ್ತದೆ. ಎಂ-ಸೀಲ್ ಹಾಕಿ ಕೂರಿಸಿ. ಈಯವನ್ನು ನೀವೇ ಮುಟ್ಟಿ, ಮಕ್ಕಳಿಗೆ ಕೊಡಬೇಡಿ, ಆಮೇಲೆ ಕೈ ತೊಳೆಯಿರಿ.

ಇಷ್ಟಾದ ಮೇಲೆ ಸಮ ನಿಲ್ಲುವ ಜಾಗಕ್ಕೆ ನೂಲು ಕಟ್ಟಿ, ತಲೆಯ ಮೇಲೆ ಸುತ್ತ ತಿರುಗಿಸಿ ನೋಡಿ. ಮೂತಿ ಮುಂದೆ ಮಾಡಿ ಹೋದರೆ ಬಿಡಬಹುದು. ಇಲ್ಲವಾದರೆ ಪಾರದರ್ಶಕ ಬಾಟ್ಲಿಯ ಪ್ಲಾಸ್ಟಿಕ್ ಕತ್ತರಿಸಿ ಬಾಲದಲ್ಲಿ ಎರಡು ಪಟ್ಟಿ ಅಂಟಿಸಿ. ದೂರದಿಂದ ಕಾಣುವುದೇ ಇಲ್ಲ, ತೇಜಸ್‌ನ ಚಂದವೂ ಹಾಳಾಗುವುದಿಲ್ಲ.

ಇನ್ನೊಂದು ವಿಷಯ. ಹೊರಡುವ ಹೊತ್ತಿಗೆ 330 ಗ್ರಾಂ ನೀರು ಬಾಲದಲ್ಲೇ ಇರುತ್ತದೆ. ಅದು ಖಾಲಿಯಾಗುವವರೆಗೆ ರಾಕೆಟಿಗೆ ಆಸರೆ ಬೇಕು. ಒಂದೂವರೆ ಮೀಟರ್ ಸರಳು ನೆಟ್ಟು, ರಾಕೆಟಿಗೆ ಪಿವಿಸಿ ಪೈಪಿನ ಬಳೆ ಹಾಕಿ ಅದರಲ್ಲಿ ಜಾರಿಸಿ.

ಪೆರ್ಲದಿಂದ:
ಹಾಳೆಯ ಬಗ್ಗೆ ಒಂದು ಮಾತು. ನಾನೂ ಹಾಳೆಯಲ್ಲೇ ಮಾಡಿದ್ದೆ, ತುಂಬ ಹಗುರ. ಆದರೆ ಬಾಗಿದ ಹಾಳೆ ನಿಜವಾದ ರೆಕ್ಕೆಯ ಹಾಗೆ ಬೆನ್ನ ಕಡೆಗೆ ಎತ್ತುತ್ತದೆ, ನಿಮ್ಮ ಲಾಗಕ್ಕೆ ಅದೂ ಕಾರಣ. ಹಾಳೆ ನೆನೆಸಿ, ಎರಡು ಹಲಗೆಯ ನಡುವೆ ಇಟ್ಟು, ಮುರಕಲ್ಲು ಹೇರಿ ಒಣಗಿಸಿ. ನಾರು ಅಡ್ಡ-ಉದ್ದ ಬರುವಂತೆ ಎರಡು ಪದರ ಅಂಟಿಸಿ, ಮೇಲೆ ಆಯಿಲ್ ಪೇಂಟ್ ಬಳಿಯಿರಿ. ಇಲ್ಲದಿದ್ದರೆ ಮೊದಲ ಮಳೆಗೇ ಮತ್ತೆ ಸೊಟ್ಟ. ಗಮ್ ಗನ್ನಿನ ಬಿಸಿ ಅಂಟು ಬಾಟ್ಲಿಗೆ ತಾಗಿಸಬೇಡಿ. ಬಾಟ್ಲಿ ಅಲ್ಲಿ ಮೆತ್ತಗಾಗಿ, ಗಾಳಿ ಹೊಡೆಯುವಾಗ ಒಡೆದೀತು.

ಬದಿಯಡ್ಕದ ಮಾಸ್ಟ್ರು:
ಹೇಳಿದ ಹಾಗೆಯೇ ಮಾಡಿದೆವು. ಅಂಟಿನ ವಿಷಯ ಓದಿ ಹೆದರಿ ಬಾಟ್ಲಿಯನ್ನೇ ಬದಲಿಸಿದೆ. ನೂಲಿನ ಪರೀಕ್ಷೆಯಲ್ಲಿ ಮೊದಲು ಅಡ್ಡಾದಿಡ್ಡಿ ತಿರುಗಿತು, ಬಾಲಕ್ಕೆ ಪಟ್ಟಿ ಅಂಟಿಸಿದ ಮೇಲೆ ಸರಿಹೋಯಿತು. ನಿನ್ನೆ ಸಂಜೆ ಪದವಿನಲ್ಲಿ ಬಿಟ್ಟೆವು. ನೆಟ್ಟಗೆ ಹೋಯಿತು ಅಣ್ಣ! ಮಕ್ಕಳ ಬೊಬ್ಬೆ ಕೇಳಿ ಆಚೆ ಮನೆಯವರೂ ಓಡಿ ಬಂದರು. ಬೀಳುವಾಗ ಮಾತ್ರ ಮೂತಿ ಕೆಳಗಾಗಿ ಕಲ್ಲಿಗೆ ಬಡಿದು ಚಪ್ಪಟೆಯಾಯಿತು.

ಮಂಜೇಶ್ವರದಿಂದ:
ತುಂಬ ಖುಷಿಯಾಯಿತು ಮಾಸ್ಟ್ರೇ! ಆದರೆ 80 ಗ್ರಾಂ ಈಯ ಮೂತಿಯಲ್ಲಿ ಇಟ್ಟುಕೊಂಡು ಮೇಲಿಂದ ಬೀಳುವುದು ಸಣ್ಣ ವಿಷಯ ಅಲ್ಲ. ಪ್ಯಾರಾಶೂಟ್ ಕೂರಿಸುವವರೆಗೆ ಇನ್ನೊಮ್ಮೆ ಬಿಡಬೇಡಿ. ಮೂತಿಯ ತುದಿಗೆ ದಪ್ಪ ಸ್ಪಂಜ್ ಅಂಟಿಸಿ, ಬಿಡುವ ಹಗ್ಗ ಉದ್ದ ಮಾಡಿ, ಮಕ್ಕಳನ್ನು ದೂರ ನಿಲ್ಲಿಸಿ. ಬಾಟ್ಲಿಯಲ್ಲಿ ಗೀರು ಬಿದ್ದಿದ್ದರೆ ಅದನ್ನೂ ಬದಲಿಸಿ. ಪ್ಯಾರಾಶೂಟ್ ಬಿಚ್ಚಿಕೊಳ್ಳುವ ಮೂತಿ ಹೇಗೆ ಮಾಡುವುದು ಅಂತ ನಾಳೆ ಚಿತ್ರ ಬರೆದು ಹಾಕುತ್ತೇನೆ.